ದಣಿವಿನ ನಂಬರ್

ಒಂದು ಕೋಶಕ್ಕೆ ನಲವತ್ತಾರು ಚುಕ್ಕೆ, ಒಬ್ಬ ಮನುಷ್ಯನಿಗೆ ಇನ್ನೂರು ಕೋಶ. ಹೀಗೆ ಒಬ್ಬೊಬ್ಬರ ಹೆಸರಿನಲ್ಲೂ ಒಂಬತ್ತು ಸಾವಿರದ ಇನ್ನೂರು ಚುಕ್ಕೆ ಇಡುತ್ತ ಇಡುತ್ತ ವಿಶಾಲಾಕ್ಷಿ ಪತ್ತಾರಳ ಬಲಗೈ ತೋರುಬೆರಳು ತುದಿಯಲ್ಲಿ ತುಸು ಸೊಟ್ಟಗಾಗಿತ್ತು. ಹುಬ್ಬಳ್ಳಿಯ ಉಣಕಲ್ಲ ಕೆರೆಯ ಆಚೆಗಿದ್ದ ಆ ಪ್ರಯೋಗಾಲಯಕ್ಕೆ ಅವಳು ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಮೊದಲು ಅಲ್ಲಿ ಹುಟ್ಟುವ ಮಕ್ಕಳ ದೋಷಗಳನ್ನಷ್ಟೇ ನೋಡುತ್ತಿದ್ದರು. ನಾಲ್ಕು ವರ್ಷದ ಹಿಂದೆ ವಿಶ್ರಾಂತಿ ಕಾಯಿದೆ ಬಂದ ಮೇಲೆ ಬಾಗಿಲ ಮೇಲಿನ ಹಲಗೆ ಬದಲಾಯಿತು, ರಾಜ್ಯದ ಇಂಥ ಅನೇಕ ಪ್ರಯೋಗಾಲಯಗಳಂತೆ ಸ್ಥಾನಮಾಪನ ಕೇಂದ್ರ ಎಂದಾಯಿತು, ಬೆಳಿಗ್ಗೆ ಎಂಟಕ್ಕೇ ಗೇಟಿನ ಹೊರಗೆ ಜನ ಸಾಲು ನಿಲ್ಲತೊಡಗಿದರು.

ಕಾಯಿದೆಯ ಹಿಂದಿದ್ದ ವಿಜ್ಞಾನ ಹೇಳುವುದಕ್ಕೆ ಸರಳ. ಮನುಷ್ಯನ ಕೋಶ ಒಡೆದು ಎರಡಾಗುವ ಹೊತ್ತಿನಲ್ಲಿ ಅದರೊಳಗಿನ ನಲವತ್ತಾರು ವರ್ಣತಂತುಗಳು ನಡುವಿಗೆ ಬಂದು ವೃತ್ತವಾಗಿ ನಿಲ್ಲುತ್ತವೆ. ಸಣ್ಣವು ಒಳಗೆ, ದೊಡ್ಡವು ಅಂಚಿಗೆ. ಒಂದೇ ಕೋಶ ನೋಡಿದರೆ ಏನೂ ತಿಳಿಯುವುದಿಲ್ಲ, ಯಾವುದು ಎಲ್ಲಿ ಬೇಕಾದರೂ ಇರಬಹುದು. ಇನ್ನೂರು ಕೋಶ ನೋಡಿ, ಪರದೆಯ ಮೇಲೆ ಪ್ರತಿಯೊಂದು ತಂತುವಿಗೂ ಒಂದು ಚುಕ್ಕೆ ಇಟ್ಟು, ಅದು ಕೇಂದ್ರದಿಂದ ಎಷ್ಟು ದೂರವಿದೆ ಎಂದು ಅಳೆದು ಸರಾಸರಿ ತೆಗೆದರೆ ಆ ಕ್ರಮ ಕಣ್ಣಿಗೆ ಬೀಳುತ್ತದೆ. ವರ್ಷಗಟ್ಟಲೆ ನಿದ್ದೆಗೆಟ್ಟು ದುಡಿದವರ ಕೋಶಗಳಲ್ಲಿ ಈ ಕ್ರಮ ಕದಡಿರುತ್ತದೆ ಎಂದು ಒಂದು ತಂಡ ತೋರಿಸಿಕೊಟ್ಟಿತು. ಕದಡಿದ್ದು ಎಷ್ಟು ಎಂಬುದಕ್ಕೆ ಸೊನ್ನೆಯಿಂದ ನೂರರವರೆಗೆ ಒಂದು ಸೂಚ್ಯಂಕ. ಕಾಗದದಲ್ಲಿ ಅದಕ್ಕೆ ಉದ್ದದ ಹೆಸರಿತ್ತು. ಜನ ಅದನ್ನು ದಣಿವಿನ ನಂಬರ್ ಎಂದರು. ಅರವತ್ತು ದಾಟಿದವರಿಗೆ ಆರು ತಿಂಗಳು ಸಂಬಳಸಹಿತ ಕಡ್ಡಾಯ ರಜೆ.

ಮೊದಲ ವರ್ಷ ವಿಶಾಲಾಕ್ಷಿ ಕಂಡದ್ದನ್ನು ಅವಳು ಮರೆಯುವಂತಿರಲಿಲ್ಲ. ಅರವತ್ತನಾಲ್ಕು ಎಂದು ಬರೆದ ಕಾಗದ ಹಿಡಿದು ಒಬ್ಬ ಶಾಲೆಯ ಶಿಕ್ಷಕಿ ಕೇಂದ್ರದ ಮೆಟ್ಟಿಲ ಮೇಲೆಯೇ ಕೂತು ಅತ್ತಿದ್ದಳು. ನೆಯ್ಗೆ ಕಾರ್ಖಾನೆಯ ಹೆಣ್ಣುಮಕ್ಕಳು ಧಾರವಾಡದಿಂದ ಫೇಡೆ ತಂದು ಹಂಚಿದ್ದರು. ಸೋಮಾರಿ ಎಂದು ಬೈಸಿಕೊಂಡು ಬದುಕಿದವರ ಕೈಗೆ ಸರಕಾರದ ಮೊಹರು ಬಿದ್ದ ಪುರಾವೆ ಸಿಕ್ಕಿತ್ತು.

ಎರಡನೆಯ ವರ್ಷಕ್ಕೆ ಮಾಲಕರು ಆ ಕಾಗದವನ್ನು ತಿರುಗಿಸಿ ಓದುವುದನ್ನು ಕಲಿತರು. ಅರವತ್ತು ದಾಟಿದವನು ದಣಿದವನಾದರೆ, ದಾಟದವನು ದಣಿದಿಲ್ಲ. ದಣಿದಿಲ್ಲದವನಿಗೆ ಇನ್ನೊಂದು ಪಾಳಿ ಕೊಡಬಹುದು. ರಜೆ ಹೋದವರ ಕೆಲಸವನ್ನೂ ಯಾರಾದರೂ ಮಾಡಲೇಬೇಕಲ್ಲ.

ಕೇಂದ್ರದಲ್ಲಿ ಸ್ಲೈಡ್ ಮಾಡುವವರು ಇಬ್ಬರೇ. ಸೋಮವಾರ, ಬುಧವಾರ, ಶುಕ್ರವಾರ ಬಂದ ರಕ್ತವೆಲ್ಲ ವಿಶಾಲಾಕ್ಷಿಯ ಕೈಗೆ, ಉಳಿದ ದಿನಗಳದ್ದು ವಿನುತಾ ಎಂಬ ಕಿರಿಯ ಸಹೋದ್ಯೋಗಿಯ ಕೈಗೆ. ರಕ್ತವನ್ನು ಮೂರು ದಿನ ಬೆಚ್ಚಗಿಟ್ಟು ಕೋಶ ಬೆಳೆಸಬೇಕು, ಒಡೆಯುತ್ತಿರುವ ಕೋಶಗಳನ್ನು ಔಷಧ ಹಾಕಿ ಆ ಹಂತದಲ್ಲೇ ನಿಲ್ಲಿಸಬೇಕು, ತಿಳಿನೀರಿನಲ್ಲಿ ಉಬ್ಬಿಸಬೇಕು, ಆಮ್ಲ ಬೆರೆಸಿದ ಸ್ಪಿರಿಟ್ಟಿನಲ್ಲಿ ಗಟ್ಟಿ ಮಾಡಬೇಕು. ಕೊನೆಗೆ ಒಂದು ಗೇಣು ಎತ್ತರದಿಂದ ಗಾಜಿನ ಮೇಲೆ ಒಂದು ಹನಿ ಬಿಡಬೇಕು. ಹನಿ ಹರಡಿ ಒಣಗುವ ಆ ಅರೆಗಳಿಗೆಯಲ್ಲಿ ಕೋಶ ಒಡೆದು ವರ್ಣತಂತುಗಳು ಹೂವಿನಂತೆ ಬಿಚ್ಚಿಕೊಳ್ಳುತ್ತವೆ. ವಿಶಾಲಾಕ್ಷಿ ಹನಿ ಬಿಡುವ ಮೊದಲು ಗಾಜಿನ ಮೇಲೆ ಬಾಯಿಂದ ಒಮ್ಮೆ ಮೆಲ್ಲಗೆ ಹಬೆ ಊದುತ್ತಿದ್ದಳು. ಕೆಲಸ ಕಲಿಸಿದ ಹಿರಿಯರು ಹಾಗೆ ಮಾಡುತ್ತಿದ್ದರು, ಅವಳೂ ಮಾಡಿದಳು. ಅವಳ ಸ್ಲೈಡುಗಳು ಅಷ್ಟು ಚೆಂದ. ಹೊರಗಿನಿಂದ ತಪಾಸಣೆಗೆ ಬಂದವರು ಇದು ಅಕ್ಕಸಾಲಿಗರ ಮನೆಯ ಕೈ ಎಂದು ಹೊಗಳಿ ಹೋಗಿದ್ದರು. ಅವಳ ತಂದೆ ಮೌನೇಶಪ್ಪ ನಿಜಕ್ಕೂ ಬಂಗಾರದ ಕೆಲಸದವರೇ. ವಿನುತಾ ಮಾತ್ರ ಕೈಪಿಡಿಯಲ್ಲಿ ಬರೆದಂತೆ ಒಣ ಗಾಜಿನ ಮೇಲೆ ಹನಿ ಬಿಟ್ಟು, ಬೆಚ್ಚನೆಯ ತಟ್ಟೆಯ ಮೇಲೆ ಒಣಗಿಸುತ್ತಿದ್ದಳು.

ಬಾಷಾಸಾಬ ನದಾಫ ವಿಶಾಲಾಕ್ಷಿಗೆ ಮುಖ ಪರಿಚಯವಾದದ್ದು ಎರಡನೆಯ ಸಲದ ಪರೀಕ್ಷೆಯಲ್ಲಿ. ನಲವತ್ತೈದರ ಆಸುಪಾಸಿನ ಆಳು, ಗುತ್ತಿಗೆ ಕಂಪನಿಯೊಂದರ ಅಂಬುಲೆನ್ಸ್ ಓಡಿಸುತ್ತಿದ್ದ. ಮೊದಲ ಸಲ ಅವನ ನಂಬರ್ ನಲವತ್ಮೂರು, ಮೂರು ತಿಂಗಳ ನಂತರ ನಲವತ್ತೊಂದು. ವರದಿ ತೆಗೆದುಕೊಂಡವನು ಮನೆಗೆ ಹೋಗಲಿಲ್ಲ. ಅವಳು ಚಹಾಕ್ಕೆ ಹೊರಬರುವತನಕ ಬೇವಿನ ಮರದ ಕೆಳಗೆ ನಿಂತಿದ್ದು ಹತ್ತಿರ ಬಂದ.

"ಅಕ್ಕಾರ, ಇನ್ನೊಮ್ಮೆ ನೋಡ್ರಿ. ಏನೋ ತಪ್ಪೈತಿ," ಎಂದ. "ನನಗ ದಣಿವಾಗೈತಿ. ಸ್ಟೇರಿಂಗ್ ಹಿಡದ್ರ ಕೈ ಯಾರದೋ ಅನಸ್ತೈತಿ. ಕಂಪನಿಯವ್ರಿಗೆ ಹೇಳಿದ್ರ ಕಾಗದ ತೋರಸ್ತಾರ."

ಆರು ತಿಂಗಳೊಳಗೆ ಎರಡು ಸಲಕ್ಕಿಂತ ಹೆಚ್ಚು ಪರೀಕ್ಷೆ ಮಾಡಲು ನಿಯಮವಿಲ್ಲ ಎಂದು ವಿಶಾಲಾಕ್ಷಿ ಹೇಳಿದಳು. ಇನ್ನೂರು ಕೋಶ ನೋಡಿದ್ದೇನೆ, ಬೇರೊಬ್ಬರು ಮತ್ತೆ ಎಣಿಸಿದ್ದಾರೆ, ಎರಡೂ ತಾಳೆಯಾಗಿವೆ ಎಂದೂ ಹೇಳಿದಳು. ಹೇಳುವಾಗ ಅವಳ ದನಿಯಲ್ಲಿ ಒರಟುತನ ಇರಲಿಲ್ಲ, ಅನುಮಾನವೂ ಇರಲಿಲ್ಲ. ಇಂಥವರು ದಿನಕ್ಕೆ ಇಬ್ಬರು ಮೂವರು ಬರುತ್ತಿದ್ದರು. ಅವನು ಹೂಂ ಎಂದು ತಲೆಯಾಡಿಸಿ, ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಿಸೆಯಲ್ಲಿಟ್ಟುಕೊಂಡು ಹೋದ.

ಮನೆಯಲ್ಲಿ ತಂಗಿ ಗಂಗಾ ಇದ್ದಳು. ಹುಬ್ಬಳ್ಳಿಯ ಹೊಸೂರು ಬಡಾವಣೆಯ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ಅಕ್ಕತಂಗಿ ಇಬ್ಬರೇ. ಗಂಗಾ ಖಾಸಗಿ ಆಸ್ಪತ್ರೆಯೊಂದರ ತೀವ್ರನಿಗಾ ಘಟಕದಲ್ಲಿ ಹದಿನಾರು ವರ್ಷದಿಂದ ನರ್ಸು. ಸಂಬಂಧಿಕರ ಸ್ಲೈಡ್ ಮಾಡಬಾರದೆಂದು ನಿಯಮವಿದ್ದುದರಿಂದ ಅವಳದನ್ನು ವಿನುತಾ ಮಾಡಿದ್ದಳು. ನಂಬರ್ ಎಪ್ಪತ್ತೊಂದು ಬಂದಿತ್ತು. ಆ ದಿನ ಗಂಗಾ ಮನೆಗೆ ಬಂದು ಮಲಗಿದವಳು ಎರಡು ದಿನ ಊಟಕ್ಕೆ ಬಿಟ್ಟರೆ ಏಳಲೇ ಇಲ್ಲ. ರಜೆಯ ಎರಡನೆಯ ತಿಂಗಳಿಗೆ ಅವಳ ಮುಖ ತುಂಬಿಕೊಂಡಿತು. ರೊಟ್ಟಿ ಬಡಿಯುತ್ತ ಹಾಡು ಗುನುಗತೊಡಗಿದಳು. ಮಧ್ಯಾಹ್ನ ಅಂಗಳದಲ್ಲಿ ಶಾವಿಗೆ ಒಣಹಾಕಿ, ಕಾಗೆ ಕಾಯುತ್ತ ಸುಮ್ಮನೆ ಕೂರುತ್ತಿದ್ದಳು. ಕೆಲಸದಿಂದ ಬಂದ ವಿಶಾಲಾಕ್ಷಿಗೆ ತಂಗಿಯನ್ನು ಹಾಗೆ ನೋಡುವುದೇ ಒಂದು ಸುಖವಾಗಿತ್ತು. ತಾನು ಮಾಡುವ ಕೆಲಸಕ್ಕೆ ಅರ್ಥವಿದೆ ಎಂದು ಅವಳಿಗೆ ಅನಿಸುತ್ತಿದ್ದುದು ಕೇಂದ್ರದಲ್ಲಲ್ಲ, ಈ ಅಂಗಳದಲ್ಲಿ.

ಬಾಷಾಸಾಬ ಬಂದು ಹೋದ ಐದನೆಯ ವಾರ, ಕುಂದಗೋಳದ ದಾರಿಯಲ್ಲಿ, ಹಾಡಹಗಲು ಹನ್ನೊಂದು ಗಂಟೆಗೆ ಅವನ ಅಂಬುಲೆನ್ಸ್ ರಸ್ತೆ ಬಿಟ್ಟು ಜಾಲಿಯ ಮರಕ್ಕೆ ಬಡಿಯಿತು. ಒಳಗಿದ್ದ ಗರ್ಭಿಣಿಯೂ ಹೊಟ್ಟೆಯ ಕೂಸೂ ಉಳಿದರು. ಅವಳ ಜೊತೆಗೆ ಬಂದಿದ್ದ ಅತ್ತೆ ಸ್ಥಳದಲ್ಲೇ ತೀರಿಕೊಂಡರು. ಬಾಷಾಸಾಬನ ಸೊಂಟದ ಎಲುಬು ಮುರಿಯಿತು. ವಿಚಾರಣೆಗೆ ಸಮಿತಿ ನೇಮಕವಾಯಿತು. ಚಾಲಕನ ಸೂಚ್ಯಂಕ ನಲವತ್ತೊಂದು ಇದ್ದುದರಿಂದ ದಣಿವು ಕಾರಣವಲ್ಲ, ಇದು ಅಜಾಗರೂಕತೆ ಎಂದು ಕಂಪನಿ ಹೇಳಿಕೆ ಕೊಟ್ಟಿತು. ಪೊಲೀಸರು ಅದರಂತೆಯೇ ಪ್ರಕರಣ ದಾಖಲಿಸಿದರು.

ವರದಿಯ ದೃಢೀಕೃತ ನಕಲು ಕಳಿಸಬೇಕೆಂದು ಸಮಿತಿಯಿಂದ ಪತ್ರ ಬಂತು. ನಕಲು ಸಿದ್ಧಮಾಡುವ ಕೆಲಸ ವಿಶಾಲಾಕ್ಷಿಯ ಪಾಲಿಗೇ ಬಿತ್ತು. ಹೆಸರು ನೋಡಿದಾಗ ಮುಖ ನೆನಪಾಗಲಿಲ್ಲ. ನಾಲ್ಕು ಮಡಿಕೆ ಮಾಡಿದ ಕಾಗದ ನೆನಪಾಯಿತು, ಆಮೇಲೆ ಮುಖ. ಆ ಭಾನುವಾರ ಅವಳು ಆಸ್ಪತ್ರೆಗೆ ಹೋದಳು. ಯಾಕೆ ಹೋಗುತ್ತಿದ್ದೇನೆಂದು ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ.

ಬಾಷಾಸಾಬ ಅವಳ ಗುರುತು ಹಿಡಿದ. ಕಾಲಿಗೆ ತೂಕ ಕಟ್ಟಿದ್ದರು, ಪಕ್ಕದಲ್ಲಿ ಹೆಂಡತಿ ಹಜರತಬಿ ಕೂತಿದ್ದಳು. ಅವನು ಯಾರನ್ನೂ ಬೈಯಲಿಲ್ಲ. ಆ ದಿನದ್ದು ಸತತ ಮೂರನೆಯ ಪಾಳಿಯೆಂದೂ, ತಿರುವಿನಲ್ಲಿ ಕಣ್ಣು ಮುಚ್ಚಿದ್ದು ಗೊತ್ತು, ತೆರೆದದ್ದು ಗೊತ್ತಿಲ್ಲವೆಂದೂ ನಿಧಾನವಾಗಿ ಹೇಳಿದ.

"ಮುದುಕಿ ಸತ್ತದ್ದು ನನ್ನ ಕೈಯಾಗ. ಅದನ್ನ ನಾ ಇಲ್ಲ ಅನ್ನೂದಿಲ್ಲ," ಎಂದ. "ಆದ್ರ ದಣಿದಿರಲಿಲ್ಲ ಅಂತ ಬರದಾರಲ್ರಿ, ಅದೊಂದು ಸುಳ್ಳು. ಅದನ್ನ ತಗಸ್ರಿ. ಉಳದದ್ದು ನಾ ಅನುಭವಸ್ತೇನಿ."

ಹಜರತಬಿ ಒಂದು ಕಿತ್ತಳೆ ಸುಲಿದು ಅರ್ಧವನ್ನು ವಿಶಾಲಾಕ್ಷಿಯ ಕೈಗೆ ಕೊಟ್ಟಳು. ಅವಳು ಅದನ್ನು ತಿಂದಳೋ, ಬಸ್ಸಿನಲ್ಲಿ ಬಿಟ್ಟಳೋ ಆಮೇಲೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಸೋಮವಾರ ಅವಳು ಕೇಂದ್ರದ ನಾಲ್ಕು ವರ್ಷದ ನಂಬರುಗಳನ್ನೆಲ್ಲ ಪರದೆಯ ಮೇಲೆ ತೆರೆದಳು. ಬಾಷಾಸಾಬನಂಥವರು ಇನ್ನೂ ಎಷ್ಟು ಜನ ಇದ್ದಾರೆ ಎಂದು ನೋಡುವುದಷ್ಟೇ ಅವಳ ಉದ್ದೇಶ. ವೃತ್ತಿಯ ಪ್ರಕಾರ ಜೋಡಿಸಿದಳು. ಚಾಲಕರು, ಪೊಲೀಸರು, ಕ್ರೇನ್ ನಡೆಸುವವರು ಕೆಳಗೆ; ನರ್ಸುಗಳು, ಶಿಕ್ಷಕಿಯರು, ನೆಯ್ಗೆಯವರು ಮೇಲೆ. ಇದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಗಂಡಸರ ಮೈ ದಣಿವನ್ನು ತಡೆಯುತ್ತದೆ ಎಂದು ಇದರ ಮೇಲೆ ಎರಡು ಪ್ರಬಂಧಗಳೂ ಬಂದಿದ್ದವು. ಆಮೇಲೆ ಯಾವ ಯೋಚನೆಯೂ ಇಲ್ಲದೆ ಇನ್ನೊಂದು ಕಾಲಮ್ಮಿನ ಮೇಲೆ ಒತ್ತಿದಳು. ಸ್ಲೈಡ್ ಮಾಡಿದವರು ಯಾರು ಎಂಬ ಕಾಲಮ್ಮು ಅದು.

ವಿನುತಾ ಮಾಡಿದವುಗಳ ಸರಾಸರಿ ಅರವತ್ತೆಂಟು. ವಿಶಾಲಾಕ್ಷಿ ಮಾಡಿದವುಗಳದ್ದು ನಲವತ್ಮೂರು.

ಅವಳು ಕುರ್ಚಿಯಲ್ಲಿ ಹಿಂದೆ ಒರಗಿದಳು. ಚಾಲಕರನ್ನೂ ಪೊಲೀಸರನ್ನೂ ಕಳಿಸಲು ಇಲಾಖೆಗಳು ನಿಗದಿಮಾಡಿದ್ದ ದಿನ ಬುಧವಾರ ಮತ್ತು ಶುಕ್ರವಾರ. ನರ್ಸು, ಶಿಕ್ಷಕಿಯರು ಬರುತ್ತಿದ್ದುದು ಮಂಗಳವಾರ, ಗುರುವಾರ. ಒಬ್ಬರು ಎಣಿಸಿದ್ದನ್ನು ಇನ್ನೊಬ್ಬರು ಎಣಿಸಿ ಸರಿನೋಡುವ ನಿಯಮವಿತ್ತು. ಒಬ್ಬರು ಬಿಟ್ಟ ಹನಿಯನ್ನು ಇನ್ನೊಬ್ಬರು ಬಿಟ್ಟು ನೋಡುವ ನಿಯಮ ಇರಲಿಲ್ಲ. ಅಂಥದೊಂದು ನಿಯಮ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ, ಅವಳಿಗೂ.

ಪರೀಕ್ಷೆ ಮುಗಿದ ಮೇಲೆ ಉಳಿದ ಕೋಶಗಳ ಗಸಿಯನ್ನು ಸಣ್ಣ ಶೀಷೆಗಳಲ್ಲಿ ಹಾಕಿ ಫ್ರೀಜರಿನಲ್ಲಿ ಐದು ವರ್ಷ ಇಡುವುದು ಪದ್ಧತಿ. ಬಾಷಾಸಾಬನ ಶೀಷೆ ಅಲ್ಲೇ ಇತ್ತು. ಅವಳು ಅದರಿಂದ ಇಪ್ಪತ್ತು ಸ್ಲೈಡ್ ಮಾಡಿದಳು, ಹತ್ತಕ್ಕೆ ಹಬೆ ಊದಿ, ಹತ್ತಕ್ಕೆ ಊದದೆ, ವಿನುತಾಳಂತೆ ತಟ್ಟೆಯ ಮೇಲೆ ಒಣಗಿಸಿ. ಮೇಲಿನ ಹೆಸರುಗಳನ್ನು ಮರೆಮಾಡಿ ವಿನುತಾಳಿಗೆ ಎಣಿಸಲು ಕೊಟ್ಟಳು. ಯಾವುದು ಯಾವುದೆಂದು ಹೇಳಲಿಲ್ಲ. ಊಟದ ಬಿಡುವಿನಲ್ಲಿ, ಭಾನುವಾರಗಳಲ್ಲಿ ಇಬ್ಬರೂ ಚುಕ್ಕೆ ಇಟ್ಟರು. ವಿನುತಾ ಏನೂ ಕೇಳಲಿಲ್ಲ. ಕೇಳಲೂ ಬೇಸರವಾಗುವಷ್ಟು ಆ ಹುಡುಗಿಯೂ ಸೋತಿದ್ದಳು.

ಹಬೆ ಊದಿದವುಗಳಲ್ಲಿ ಬಾಷಾಸಾಬನ ನಂಬರ್ ನಲವತ್ತೆರಡು. ಊದದವುಗಳಲ್ಲಿ ಅರವತ್ತೊಂಬತ್ತು.

ತೇವವಿದ್ದ ಗಾಜಿನ ಮೇಲೆ ಹನಿ ಮೆಲ್ಲಗೆ ಒಣಗುತ್ತದೆ, ತಂತುಗಳು ತಮ್ಮ ತಮ್ಮ ಜಾಗದಲ್ಲೇ ಸಾವಕಾಶವಾಗಿ ಬಿಚ್ಚಿಕೊಳ್ಳುತ್ತವೆ. ಒಣ ಗಾಜಿನ ಮೇಲೆ ಅವಸರದಲ್ಲಿ ಎಳೆದಾಡಿಕೊಂಡು ಕದಡುತ್ತವೆ. ಅಷ್ಟೇ. ಅವಳು ಇನ್ನೂ ಹತ್ತು ಜನರ ಶೀಷೆ ತೆಗೆದಳು. ಅವುಗಳಲ್ಲಿ ಗಂಗಾಳದ್ದೂ ಇತ್ತು. ನಿಯಮ ಮುರಿಯುತ್ತಿದ್ದೇನೆಂದು ಗೊತ್ತಿದ್ದೇ ತೆಗೆದಳು. ತನ್ನ ರಕ್ತವನ್ನೂ ಸೇರಿಸಿದಳು. ಐದು ವಾರ ಹಿಡಿಯಿತು. ಒಂದೇ ರೀತಿ ಒಣಗಿಸಿದಾಗ ಹನ್ನೆರಡೂ ಜನರ ನಂಬರುಗಳು ಒಂದರ ಪಕ್ಕ ಒಂದು ಬಂದು ಕೂತವು. ಆಗ ಅವಳು ಲೆಕ್ಕದವರು ಮಾಡುವ ಒಂದು ಕೆಲಸ ಮಾಡಿದಳು. ಕೋಶಗಳನ್ನೆಲ್ಲ ಒಟ್ಟಿಗೆ ಹಾಕಿ, ಯಾರ ಕೋಶ ಯಾರದ್ದೆಂಬ ಹೆಸರುಗಳನ್ನು ಗಣಕದಲ್ಲಿ ಕಲಸಿ ಮತ್ತೆ ಹಂಚಿದಳು, ಹತ್ತು ಸಾವಿರ ಸಲ. ಸುಮ್ಮನೆ ಹಂಚಿದಾಗ ಮನುಷ್ಯ ಮನುಷ್ಯರ ನಡುವೆ ಎಷ್ಟು ವ್ಯತ್ಯಾಸ ಬೀಳುತ್ತಿತ್ತೋ, ನಿಜವಾದ ಹೆಸರುಗಳಲ್ಲಿಯೂ ಅಷ್ಟೇ ಇತ್ತು. ಪರೀಕ್ಷೆ ಅಳೆದದ್ದು ದಣಿವನ್ನಲ್ಲ. ನಾಲ್ಕು ವರ್ಷ ಅದು ಅಳೆದದ್ದು ಅವಳ ಉಸಿರನ್ನು.

ಅವಳು ಎದ್ದು ಹೋಗಿ ಮುಖ ತೊಳೆದುಕೊಂಡಳು. ಅವಳ ಕೈಯಿಂದ ಹಾದುಹೋದವರು ಎರಡು ಸಾವಿರದ ಎಂಟುನೂರು ಜನ. ಎಲ್ಲರಿಗೂ ದಣಿವಿಲ್ಲ ಎಂದು ಬರೆದುಕೊಟ್ಟಿದ್ದಳು. ಎಲ್ಲರಿಗಿಂತ ಚೆಂದದ ಸ್ಲೈಡುಗಳಿಂದ.

ನಿರ್ದೇಶಕ ಡಾ. ಗುರುರಾಜ ಸವಣೂರ ಅವಳ ಕಾಗದಗಳನ್ನು ಎರಡು ದಿನ ಇಟ್ಟುಕೊಂಡರು. ಅವರು ಕೆಟ್ಟವರಲ್ಲ. ಈ ಪರೀಕ್ಷೆಯನ್ನು ಜನಕ್ಕೆ ತಲುಪಿಸಲೆಂದು ಓಡಾಡಿ ಓಡಾಡಿ ಎರಡು ಸಲ ಹೃದಯದ ಆಸ್ಪತ್ರೆ ಸೇರಿ ಬಂದವರು. ಮೂರನೆಯ ದಿನ ಅವಳನ್ನು ಕರೆಸಿ, ಕುಳಿತುಕೊಳ್ಳಲು ಹೇಳಿ, ಬಾಗಿಲು ಮುಚ್ಚಿದರು. ಲೆಕ್ಕವನ್ನು ತಾವೂ ಮಾಡಿ ನೋಡಿದ್ದಾಗಿಯೂ ತಪ್ಪು ಸಿಗಲಿಲ್ಲವೆಂದೂ ಹೇಳಿದರು.

"ವಿಶಾಲಾಕ್ಷಿಯವರ, ಇದು ಹೊರಗ ಬಿದ್ರ ಏನಾಗ್ತದ ವಿಚಾರ ಮಾಡೀರೇನು?" ಎಂದರು. "ಇಡೀ ರಾಜ್ಯದಾಗ ರಜಾದ ಮ್ಯಾಲೆ ಇದ್ದ ಎಪ್ಪತ್ತು ಸಾವಿರ ಮಂದಿನ್ನ ಮರುದಿನಾನ ವಾಪಸ್ ಕರೀತಾರ. ಅವರು ಖರೇನ ದಣದಾರ, ಅದು ನಿಮಗೂ ಗೊತ್ತದ. ನಂಬರ್ ತಪ್ಪಿರಬಹುದು, ಆದ್ರ ಮಂದಿಗೆ ಒಂದೀಟು ಮಲಗಲಿಕ್ಕೆ ಸಿಕ್ಕದ."

ಇನ್ನು ಮುಂದೆ ಎಲ್ಲರೂ ಒಣ ಗಾಜಿನಲ್ಲೇ ಮಾಡೋಣ, ಎಲ್ಲರ ನಂಬರೂ ಅರವತ್ತು ದಾಟಲಿ, ಯಾರಿಗೂ ಹೇಳುವುದು ಬೇಡ ಎಂಬುದು ಅವರ ಸಲಹೆ. ವಿಶಾಲಾಕ್ಷಿಗೆ ಅದು ತಪ್ಪೆಂದು ಅನಿಸಲಿಲ್ಲ. ಹಾಗೇ ಮಾಡಿದರೆ ಒಳ್ಳೆಯದೆಂದೇ ಅನಿಸಿತು. ಬಾಷಾಸಾಬನ ಗತಿ ಏನು ಎಂದು ಕೇಳಿದಳು. ಅವನ ಹಳೆಯ ನಂಬರ್ ಬದಲಿಸಿದರೆ ಎಲ್ಲವನ್ನೂ ಬಿಚ್ಚಿ ಹೇಳಬೇಕಾಗುತ್ತದೆ ಎಂದರು ಸವಣೂರರು. ಅವಳ ಕಡೆ ನೋಡಲಿಲ್ಲ. ಸಮಿತಿ ನಿಮ್ಮನ್ನು ಕರೆದಿದೆ, ನಕಲಿನ ಮೇಲೆ ಸಹಿ ನಿಮ್ಮದೆಂದು ಹೇಳಿ ಬಂದರೆ ಸಾಕು, ಉಳಿದದ್ದು ನಿಮ್ಮ ಮನಸ್ಸಿಗೆ ಬಿಟ್ಟದ್ದು ಎಂದರು.

ಅವಳು ಗಂಗಾಳಿಗೆ ಹೇಳದೆ ಹೋಗಬಹುದಿತ್ತು. ಆದರೆ ಹುಟ್ಟಿದಾಗಿನಿಂದ ತಂಗಿಯ ಎದುರು ಮುಚ್ಚಿಟ್ಟದ್ದು ಏನೂ ಇರಲಿಲ್ಲ. ವಿಚಾರಣೆಯ ಹಿಂದಿನ ಸಂಜೆ, ಗಂಗಾ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ, ಎದುರು ಕೂತು ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಗಂಗಾಳ ಕೈ ಮೊದಮೊದಲು ನಿಲ್ಲಲಿಲ್ಲ. ಆಮೇಲೆ ನಿಂತಿತು. ರಜೆ ಇನ್ನೂ ಎರಡು ತಿಂಗಳು ಬಾಕಿ ಇತ್ತು.

"ನಂದು ಖರೆ ದಣಿವು, ಅಕ್ಕಾ," ಎಂದಳು.

"ಗೊತ್ತೈತಿ."

"ನಂಬರ್ ಸುಳ್ಳಾದ್ರೂ ದಣಿವು ಖರೆ. ಹದಿನಾರು ವರ್ಷ ನೀನ ನೋಡಿಯಲ್ಲ."

"ನೋಡೇನಿ. ಬಾಷಾಸಾಬಂದೂ ಖರೆ ಇತ್ತು, ಗಂಗಾ. ನನ್ನ ಮುಂದ ನಿಂತು ಹೇಳಿದ. ನಾ ಕಾಗದ ತೋರಿಸಿ ಕಳಿಸಿದ್ನಿ."

ಗಂಗಾ ಬಿಡಿಸಿದ ಕಾಳನ್ನೂ ಬಿಡಿಸದ ಕಾಯನ್ನೂ ಒಂದೇ ಮೊರದಲ್ಲಿ ಹಾಕಿ ಎದ್ದು ಒಳಗೆ ಹೋದಳು. ಆ ದಿನ ಅಡಿಗೆಯಾಗಲಿಲ್ಲ. ಬೆಳಿಗ್ಗೆ ವಿಶಾಲಾಕ್ಷಿ ಹೊರಡುವಾಗ ತಂಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ನಿದ್ದೆ ಬಂದಿರಲಿಲ್ಲ ಎಂಬುದು ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಸಮಿತಿ ಕೂತದ್ದು ಒಂದು ಹಳೆಯ ಸಭಾಂಗಣದಲ್ಲಿ. ಅಧ್ಯಕ್ಷತೆ ನಿವೃತ್ತ ನ್ಯಾಯಾಧೀಶೆಯೊಬ್ಬರದು. ಕಂಪನಿಯ ವಕೀಲರು ಒಂದು ಕಡೆ, ಗಾಲಿಕುರ್ಚಿಯಲ್ಲಿ ಬಾಷಾಸಾಬ ಇನ್ನೊಂದು ಕಡೆ. ನಕಲನ್ನು ತೋರಿಸಿ ಇದು ನಿಮ್ಮ ಸಹಿಯೇ ಎಂದು ವಕೀಲರು ಕೇಳಿದರು. ಹೌದೆಂದಳು. ಈ ಮನುಷ್ಯನ ಸೂಚ್ಯಂಕ ನಲವತ್ತೊಂದೇ ಎಂದು ಕೇಳಿದರು. ಹಾಗೆ ಬರೆದದ್ದು ಹೌದು, ಆದರೆ ಆ ಅಂಕಿ ಈ ಮನುಷ್ಯನದಲ್ಲ ಎಂದಳು. ಮುಂದೆ ಮುಕ್ಕಾಲು ಗಂಟೆ ಅವಳೇ ಮಾತಾಡಿದಳು. ಇಪ್ಪತ್ತು ಸ್ಲೈಡುಗಳ ಕತೆ ಹೇಳಿದಳು, ಹೆಸರು ಕಲಸಿದ್ದನ್ನು ಹೇಳಿದಳು. ಒಂದು ಖಾಲಿ ಗಾಜನ್ನು ತೆಗೆದು ಹೇಗೆ ಊದುತ್ತಿದ್ದೆನೆಂದು ಎಲ್ಲರ ಎದುರು ಊದಿ ತೋರಿಸಿದಳು. ಹಿಂದೆ ಕೂತಿದ್ದ ಯಾರೋ ನಕ್ಕರು. ನಗುವಂಥದೇ ಅದು, ಇಡೀ ರಾಜ್ಯದ ಕಾಯಿದೆ ಒಬ್ಬ ಹೆಂಗಸಿನ ಬಾಯಿಯ ಹಬೆಗೆ ಕುಸಿಯುವಂತಿತ್ತು.

ಹಾಗಾದರೆ ಘಟನೆಯ ದಿನ ಈತ ದಣಿದಿದ್ದನೆಂಬುದಕ್ಕೆ ನಿಮ್ಮ ಬಳಿ ಬೇರೇನಾದರೂ ವೈಜ್ಞಾನಿಕ ಪುರಾವೆ ಇದೆಯೇ ಎಂದು ಅಧ್ಯಕ್ಷೆ ಕೇಳಿದರು.

"ಇಲ್ರಿ," ಎಂದಳು ವಿಶಾಲಾಕ್ಷಿ. "ಅದಕ್ಕ ಐದು ವಾರ ಮೊದಲ ನನ್ನ ಮುಂದ ಬಂದು ನನಗ ದಣಿವಾಗೈತಿ ಅಂದ್ರು. ನಾ ನಂಬಲಿಲ್ಲ. ನನ್ನ ಹತ್ರ ಇರೂದು ಅಷ್ಟರಿ."

ಅಧ್ಯಕ್ಷೆ ಅದನ್ನು ಬರೆದುಕೊಂಡರು. ಆಮೇಲೆ ಕಂಪನಿಯವರ ಕಡೆ ತಿರುಗಿ, ಆ ತಿಂಗಳ ಡ್ಯೂಟಿ ರಜಿಸ್ಟರ್ ತರಲು ಹೇಳಿದರು. ಅದುವರೆಗೆ ಅದನ್ನು ಯಾರೂ ಕೇಳಿರಲಿಲ್ಲ. ನಂಬರ್ ಇದ್ದಾಗ ರಜಿಸ್ಟರಿನ ಅಗತ್ಯವೇ ಕಂಡಿರಲಿಲ್ಲ. ಮೂವತ್ತು ದಿನಗಳಲ್ಲಿ ಐವತ್ತೆರಡು ಪಾಳಿ ಎಂದು ಅದರಲ್ಲಿ ಕಂಪನಿಯವರ ಕೈಬರಹದಲ್ಲೇ ಇತ್ತು.

ಆ ವಾರದಲ್ಲೇ ಪರೀಕ್ಷೆಯನ್ನು ತಡೆಹಿಡಿದರು. ಮುಂದಿನ ವಾರ ವಾಪಸಾತಿಯ ನೋಟೀಸುಗಳು ಹೊರಟವು. ಸವಣೂರರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಾಗಲಿಲ್ಲ. ಅವರು ರಾಜೀನಾಮೆ ಕೊಟ್ಟರು. ಹೋಗುವ ದಿನ ಅವಳ ಮೇಜಿನ ಹತ್ತಿರ ಬಂದು, ಹೆಗಲ ಚೀಲ ಸರಿಮಾಡಿಕೊಂಡು ಹೋದರು. ಕೇಂದ್ರಕ್ಕೆ ಅವಳ ಹೆಸರಿಗೆ ಪತ್ರಗಳು ಬಂದವು. ನೆಯ್ಗೆ ಕಾರ್ಖಾನೆಯ ಒಬ್ಬಳು, ನಾಲ್ಕು ತಿಂಗಳು ನನ್ನ ಮಗು ನನ್ನ ಮುಖ ನೋಡಿತ್ತು, ಅದನ್ನು ನೀವು ಕಿತ್ತುಕೊಂಡಿರಿ ಎಂದು ಬರೆದಿದ್ದಳು. ವಿಶಾಲಾಕ್ಷಿ ಆ ಪತ್ರಗಳನ್ನು ಹರಿಯಲಿಲ್ಲ. ಮೇಜಿನ ಖಾನೆಯಲ್ಲಿ ಜೋಡಿಸಿಟ್ಟಳು. ಅವಳನ್ನು ಹಳೆಯ ವಿಭಾಗಕ್ಕೆ, ಹುಟ್ಟುವ ಮಕ್ಕಳ ದೋಷ ನೋಡುವ ಕೆಲಸಕ್ಕೆ ಹಾಕಿದರು.

ಬಾಷಾಸಾಬನಿಗೆ ಸೆರೆವಾಸವಾಗಲಿಲ್ಲ. ಲೈಸೆನ್ಸ್ ಹೋಯಿತು. ಕಂಪನಿಯ ಮೇಲೆ ಪ್ರಕರಣ ನಡೆಯಿತು, ಇನ್ನೂ ನಡೆಯುತ್ತಿದೆ. ಅವನು ಕೋಲು ಹಿಡಿದು ನಡೆಯುವಂತಾದ ಮೇಲೆ ಒಂದು ದಿನ ಕೇಂದ್ರಕ್ಕೆ ಬಂದ. ಸಮಿತಿಯ ವರದಿಯ ಒಂದು ಪುಟವನ್ನು ತೆಗೆದು, ಚಾಲಕನು ತೀವ್ರವಾಗಿ ದಣಿದಿದ್ದನು ಎಂಬ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದ. ಸತ್ತ ಮುದುಕಿಯ ಊರಿಗೆ ಹೋಗಿದ್ದನಂತೆ. ಮನೆಯವರು ಒಳಗೆ ಕರೆಯಲಿಲ್ಲ, ಆದರೆ ಕಟ್ಟೆಯ ಮೇಲೆ ಕೂರಲು ಬಿಟ್ಟು ನೀರು ಕೊಟ್ಟರಂತೆ. ಆ ಕೂಸು ತೆವಳುತ್ತಿತ್ತು ಎಂದ. ಚಹಾ ಕುಡಿದು ಹೋದ.

ಗಂಗಾ ಆಸ್ಪತ್ರೆಗೆ ಮರಳಿದ್ದಳು. ಅಕ್ಕನ ಜೊತೆ ಮಾತು ಬಿಟ್ಟಿದ್ದಳು. ಜಗಳವಿಲ್ಲ, ಸಿಟ್ಟಿನ ಮುಖವಿಲ್ಲ, ಮಾತು ಮಾತ್ರ ಇಲ್ಲ. ವಿಶಾಲಾಕ್ಷಿ ಬುತ್ತಿ ಕಟ್ಟಿಟ್ಟರೆ ಒಯ್ಯುತ್ತಿದ್ದಳು, ಖಾಲಿ ಡಬ್ಬಿ ತಂದು ಬಚ್ಚಲಲ್ಲಿ ಇಡುತ್ತಿದ್ದಳು. ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹಾಗೆಯೇ ಏಳು ವಾರ ಕಳೆಯಿತು. ಗಂಗಾಳ ಮುಖ ಮತ್ತೆ ಮೊದಲಿನ ಬಣ್ಣಕ್ಕೆ ಬಂತು.

ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅವಳು ಸತತ ಎರಡು ಪಾಳಿ ಮುಗಿಸಿ ಬಂದಳು. ಚಪ್ಪಲಿ ಬಿಟ್ಟವಳು ಸೀರೆಯನ್ನೂ ಬದಲಿಸದೆ ಹೊರಗಿನ ಕೋಣೆಯ ಚಾಪೆಯ ಮೇಲೆ ಉರುಳಿದಳು. ವಿಶಾಲಾಕ್ಷಿ ಉಪ್ಪಿಟ್ಟಿನ ತಟ್ಟೆ ತಂದಾಗ ತಂಗಿಯ ಕಣ್ಣು ಮುಚ್ಚಿತ್ತು. ತಟ್ಟೆಯನ್ನು ಮುಚ್ಚಿಟ್ಟು ಹಿಂದಿರುಗುವಷ್ಟರಲ್ಲಿ ಗಂಗಾಳ ಚೀಲದೊಳಗೆ ಫೋನ್ ಬಡಿದುಕೊಳ್ಳತೊಡಗಿತು. ಗಂಗಾ ಕಣ್ಣು ತೆರೆಯಲಿಲ್ಲ. ಎದ್ದೇಳಲು ಒಂದು ಕೈ ಮಾತ್ರ ನೆಲಕ್ಕೆ ಊರಿದಳು, ಕೈ ಊರಿದಲ್ಲೇ ಉಳಿಯಿತು.

ವಿಶಾಲಾಕ್ಷಿ ಚೀಲದಿಂದ ಫೋನ್ ತೆಗೆದಳು. ಆಸ್ಪತ್ರೆಯ ಕಚೇರಿಯವರು. ಮಧ್ಯಾಹ್ನದ ಪಾಳಿಗೆ ಒಬ್ಬರು ಕಡಿಮೆ ಬಿದ್ದಿದ್ದಾರೆ, ಗಂಗಾ ಸಿಸ್ಟರ್ ಒಂದು ಗಂಟೆಗೆ ಮತ್ತೆ ಬರಬೇಕು ಎಂದರು.

"ಅಕಿ ಬರೂದಿಲ್ರಿ," ಎಂದಳು ವಿಶಾಲಾಕ್ಷಿ. "ಆಗೂದಿಲ್ಲ ಅಕಿಗೆ."

ಡಾಕ್ಟರ ಚೀಟಿ ಇದೆಯೇ ಎಂದು ಆ ಕಡೆಯಿಂದ ಕೇಳಿದರು. ಇಲ್ಲವೆಂದಳು. ಹಾಗಾದರೆ ಗೈರುಹಾಜರಿ ಹಾಕಬೇಕಾಗುತ್ತದೆ, ಮೇಲಿನವರು ಕೇಳಿದರೆ ಸಿಸ್ಟರೇ ಉತ್ತರ ಕೊಡಬೇಕಾಗುತ್ತದೆ ಎಂದು ಹೆದರಿಸುವ ದನಿಯಲ್ಲೇನೂ ಅಲ್ಲದೆ, ಸಾಕಾದ ದನಿಯಲ್ಲಿ ಹೇಳಿದರು. ಹಾಕಿಕೊಳ್ಳಿ ಎಂದಳು. ಆ ಕಡೆಯವರು ಬೇರೆ ಯಾರನ್ನಾದರೂ ನೋಡುತ್ತೇವೆ ಎಂದು ಇಟ್ಟುಬಿಟ್ಟರು.

ಅವಳು ಫೋನನ್ನು ಬಂದ್ ಮಾಡಿ ಕಪಾಟಿನ ಮೇಲಿಟ್ಟು ಅಡಿಗೆಮನೆಯ ಕಡೆ ನಡೆದಳು. ಹೊಸ್ತಿಲಲ್ಲಿದ್ದಾಗ ಹಿಂದಿನಿಂದ ದನಿ ಬಂತು.

"ಅಕ್ಕಾ, ಆ ಕಿಟಕಿ ಮುಂದ ಮಾಡು. ಬಿಸಲು ಕಣ್ಣಿಗೆ ಬಡೀತೈತಿ."

ವಿಶಾಲಾಕ್ಷಿ ತಿರುಗಿ ಹೋಗಿ ಕಿಟಕಿಯ ಎರಡೂ ಬಾಗಿಲುಗಳನ್ನು ಸದ್ದಾಗದಂತೆ ಮುಚ್ಚಿದಳು.